ಹೂಸ್ ಅಫ್ರೇಡ್ ಆಫ್ ವರ್ಜೀನಿಯಾ ವುಲ್ಫ್?

'ಹೂಸ್ ಅಫ್ರೇಡ್ ಆಫ್ ವರ್ಜೀನಿಯಾ ವುಲ್ಫ್?' ಅಮೆರಿಕದ ನಾಟಕಕಾರ ಎಡ್ವರ್ಡ್ ಆಲ್ಬಿ (1928–2016) ರಚಿಸಿದ ಮೂರು ಅಂಕಗಳ ನಾಟಕ. ಒಂದೇ ರಾತ್ರಿಯಲ್ಲಿ ನಡೆಯುವ ಈ ನಾಟಕವು ದಂಪತಿಗಳ ಕಲಹವನ್ನೂ, ಅದರ ಹಿಂದೆ ಅಡಗಿರುವ ದುಃಖವನ್ನೂ ಚಿತ್ರಿಸುತ್ತದೆ. 1962ರ ಅಕ್ಟೋಬರ್ 13ರಂದು ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ಮೊದಲು ಪ್ರದರ್ಶಿತವಾಯಿತು. 1966ರಲ್ಲಿ ಇದೇ ಹೆಸರಿನಲ್ಲಿ ಚಲನಚಿತ್ರವಾಯಿತು.

ಶೀರ್ಷಿಕೆ

ಡಿಸ್ನಿ ಸಂಸ್ಥೆಯ 1933ರ ಕಿರುಚಿತ್ರವೊಂದರಲ್ಲಿ ದುಷ್ಟ ತೋಳಕ್ಕೆ ಹೆದರುವವರಾರು ಎಂದು ಕೇಳುವ ಹಾಡಿದೆ. ಇಂಗ್ಲಿಷಿನಲ್ಲಿ ತೋಳವನ್ನು ಸೂಚಿಸುವ ಪದಕ್ಕೂ ಕಾದಂಬರಿಗಾರ್ತಿ ವರ್ಜೀನಿಯಾ ವುಲ್ಫ್ ಅವರ ಕುಲನಾಮಕ್ಕೂ ಉಚ್ಚಾರಣೆ ಒಂದೇ. ಶೀರ್ಷಿಕೆಯು ಈ ಶ್ಲೇಷೆಯಿಂದ ಹುಟ್ಟಿದೆ. ಆ ಲೇಖಕಿ ನಾಟಕದಲ್ಲಿ ಪಾತ್ರವಾಗಿ ಬರುವುದಿಲ್ಲ. ಭ್ರಮೆಯ ಆಸರೆಯಿಲ್ಲದೆ ಬದುಕಲು ಯಾರಿಗೆ ಭಯ ಎಂಬುದೇ ಶೀರ್ಷಿಕೆಯ ತಾತ್ಪರ್ಯವೆಂದು ಆಲ್ಬಿ ವಿವರಿಸಿದ್ದಾರೆ.

ಕಥಾವಸ್ತು

ಜಾರ್ಜ್ ಕಾಲೇಜೊಂದರ ಇತಿಹಾಸದ ಅಧ್ಯಾಪಕ. ಅವನ ಪತ್ನಿ ಮಾರ್ಥಾ ಅದೇ ಕಾಲೇಜಿನ ಅಧ್ಯಕ್ಷರ ಮಗಳು. ಮಾವನ ಸ್ಥಾನಕ್ಕೆ ಏರಬೇಕಾಗಿದ್ದ ಗಂಡ ಇತಿಹಾಸ ವಿಭಾಗದ ಮುಖ್ಯಸ್ಥನೂ ಆಗಲಿಲ್ಲವೆಂಬುದು ಅವಳ ಕೊರಗು. ಔತಣಕೂಟ ಮುಗಿಸಿ ನಡುರಾತ್ರಿ ಕಳೆದ ಮೇಲೆ ಮನೆಗೆ ಬಂದ ಇವರು, ಜೀವಶಾಸ್ತ್ರದ ಯುವ ಅಧ್ಯಾಪಕ ನಿಕ್ ಮತ್ತು ಅವನ ಪತ್ನಿ ಹನಿಯನ್ನು ಬರಮಾಡಿಕೊಳ್ಳುತ್ತಾರೆ. ಮದ್ಯಪಾನ ಹೆಚ್ಚಿದಂತೆ ಪರಸ್ಪರ ಅವಮಾನವೇ ಒಂದು ಆಟವಾಗುತ್ತದೆ. ಅತಿಥಿಗಳ ಗುಟ್ಟುಗಳೂ ಬಯಲಾಗುತ್ತವೆ.

ಮಾರ್ಥಾ ತನ್ನ ಮಗನ ವಿಷಯವನ್ನು ಹನಿಗೆ ಹೇಳಿಬಿಡುವುದು ಕಥೆಯ ತಿರುವು. ಕೊನೆಯ ಅಂಕದಲ್ಲಿ ಜಾರ್ಜ್, ಆ ಮಗ ಅಪಘಾತದಲ್ಲಿ ಸತ್ತನೆಂಬ ತಂತಿ ಬಂದಿದೆಯೆಂದು ಘೋಷಿಸುತ್ತಾನೆ. ಅವನನ್ನು ಕೊಲ್ಲಲು ನಿನಗೆ ಅಧಿಕಾರವಿಲ್ಲವೆಂದು ಮಾರ್ಥಾ ಚೀರಿದಾಗ ಸತ್ಯ ತಿಳಿಯುತ್ತದೆ: ಮಕ್ಕಳಿಲ್ಲದ ಈ ದಂಪತಿಗಳು ಮಗನನ್ನು ಕಲ್ಪಿಸಿಕೊಂಡು ವರ್ಷಗಟ್ಟಲೆ ಮನಸ್ಸಿನಲ್ಲೇ ಸಾಕಿದ್ದರು. ಹೊರಗಿನವರ ಮುಂದೆ ಅವನ ಮಾತೆತ್ತಬಾರದೆಂಬುದೇ ಅವರ ಒಪ್ಪಂದವಾಗಿತ್ತು. ಅತಿಥಿಗಳು ಹೊರಟುಹೋಗುತ್ತಾರೆ. ಬೆಳಗಾಗುವ ಹೊತ್ತಿಗೆ ಇಬ್ಬರೇ ಉಳಿದಿರುತ್ತಾರೆ.

ವಿಶ್ಲೇಷಣೆ

ಮೇಲ್ನೋಟಕ್ಕೆ ಇದು ದ್ವೇಷದ ಕಥೆಯಂತೆ ಕಾಣುತ್ತದೆ. ಆದರೆ ಒಬ್ಬರನ್ನೊಬ್ಬರು ಇಷ್ಟು ನಿಖರವಾಗಿ ನೋಯಿಸಬೇಕಾದರೆ ಒಬ್ಬರನ್ನೊಬ್ಬರು ಆಳವಾಗಿ ಅರಿತಿರಬೇಕು. ತನ್ನನ್ನು ಸುಖವಾಗಿಟ್ಟವನು ಜಾರ್ಜ್ ಒಬ್ಬನೇ ಎಂದು ಮೂರನೆಯ ಅಂಕದಲ್ಲಿ ಮಾರ್ಥಾ ಒಪ್ಪಿಕೊಳ್ಳುತ್ತಾಳೆ. ಕಲ್ಪಿತ ಮಗನು ಅವರನ್ನು ಬೆಸೆದ ಕೊಂಡಿಯೂ ಹೌದು, ಸತ್ಯವನ್ನು ಮರೆಮಾಡಿದ ತೆರೆಯೂ ಹೌದು. ಅವನನ್ನು ಇಲ್ಲವಾಗಿಸಿದ್ದು ಕ್ರೌರ್ಯವೋ ಕರುಣೆಯೋ ಎಂಬ ಪ್ರಶ್ನೆಯನ್ನು ನಾಟಕಕಾರರು ಪ್ರೇಕ್ಷಕರಿಗೇ ಬಿಟ್ಟಿದ್ದಾರೆ.

ರಂಗಪ್ರಯೋಗ

ಅಲನ್ ಷ್ನೈಡರ್ ನಿರ್ದೇಶಿಸಿದ ಮೊದಲ ಪ್ರಯೋಗದಲ್ಲಿ ಊಟಾ ಹೇಗನ್ ಮತ್ತು ಆರ್ಥರ್ ಹಿಲ್ ದಂಪತಿಗಳಾಗಿ ಅಭಿನಯಿಸಿದರು. 1963ರಲ್ಲಿ ನಾಟಕಕ್ಕೆ ಟೋನಿ ಪ್ರಶಸ್ತಿ ದೊರೆಯಿತು. ಅದೇ ವರ್ಷ ತೀರ್ಪುಗಾರರು ಪುಲಿಟ್ಜರ್ ಪ್ರಶಸ್ತಿಗೂ ಶಿಫಾರಸು ಮಾಡಿದರು. ಆದರೆ ಸಲಹಾ ಮಂಡಳಿ ಅದನ್ನು ತಳ್ಳಿಹಾಕಿ, ನಾಟಕ ವಿಭಾಗದಲ್ಲಿ ಯಾರಿಗೂ ಪ್ರಶಸ್ತಿ ನೀಡಲಿಲ್ಲ.

ಚಲನಚಿತ್ರ

ಚಿತ್ರವು ಮೈಕ್ ನಿಕೋಲ್ಸ್ ಅವರ ಮೊದಲ ನಿರ್ದೇಶನ. ಅರ್ನೆಸ್ಟ್ ಲೇಮನ್ ಚಿತ್ರಕಥೆ ಬರೆದು ನಿರ್ಮಿಸಿದರು. ನಿಜಜೀವನದಲ್ಲೂ ಪತಿಪತ್ನಿಯರಾಗಿದ್ದ ರಿಚರ್ಡ್ ಬರ್ಟನ್ ಮತ್ತು ಎಲಿಜಬೆತ್ ಟೇಲರ್ ಮುಖ್ಯಪಾತ್ರಗಳಲ್ಲಿದ್ದಾರೆ. ಮೂವತ್ತರ ಆಸುಪಾಸಿನ ಟೇಲರ್, ಐವತ್ತು ದಾಟಿದ ಮಾರ್ಥಾ ಆಗಲು ದೇಹತೂಕವನ್ನು ಹೆಚ್ಚಿಸಿಕೊಂಡರು. ಜಾರ್ಜ್ ಸೀಗಲ್ ಮತ್ತು ಸ್ಯಾಂಡಿ ಡೆನಿಸ್ ಅತಿಥಿಗಳ ಪಾತ್ರ ವಹಿಸಿದರು.

ನಾಟಕವು ಒಂದೇ ಕೋಣೆಯಲ್ಲಿ ನಡೆದರೆ, ಚಿತ್ರವು ಮನೆಯ ಅಂಗಳಕ್ಕೂ ರಸ್ತೆಬದಿಯ ಪಾನಗೃಹಕ್ಕೂ ಸಾಗುತ್ತದೆ. ಸಂಭಾಷಣೆ ಬಹುಪಾಲು ಮೂಲದ್ದೇ. ಕಪ್ಪು-ಬಿಳುಪಿನ ಸಮೀಪಚಿತ್ರಗಳು ಮುಖದ ಬಳಲಿಕೆಯನ್ನು ಎತ್ತಿ ತೋರಿಸುತ್ತವೆ. ರಂಗದ ಮೇಲೆ ಮಾತಿನಿಂದ ತಿಳಿಯುತ್ತಿದ್ದ ನೋವು ಇಲ್ಲಿ ಮೌನದಲ್ಲೂ ಕಾಣಿಸುತ್ತದೆ.

ಸಂಭಾಷಣೆಯ ಕಟುಭಾಷೆ ಆಗಿನ ಚಿತ್ರನಿರ್ಮಾಣ ನೀತಿಸಂಹಿತೆಗೆ ವಿರುದ್ಧವಾಗಿತ್ತು. 18 ವರ್ಷದೊಳಗಿನವರು ಹಿರಿಯರ ಜೊತೆಯಲ್ಲಿ ಮಾತ್ರ ನೋಡಬಹುದೆಂಬ ನಿಬಂಧನೆಯೊಡನೆ ಚಿತ್ರ ಬಿಡುಗಡೆಯಾಯಿತು. 1968ರಲ್ಲಿ ಅಮೆರಿಕದಲ್ಲಿ ವಯೋಮಾನ ಆಧಾರಿತ ಶ್ರೇಣೀಕರಣ ಜಾರಿಗೆ ಬರಲು ಕಾರಣವಾದ ಚಿತ್ರಗಳಲ್ಲಿ ಇದೂ ಒಂದು.

ಪ್ರಶಸ್ತಿಗಳು

ಚಿತ್ರವು 13 ಆಸ್ಕರ್ ನಾಮನಿರ್ದೇಶನಗಳನ್ನು ಪಡೆಯಿತು. ನಾಲ್ವರು ನಟರೂ ಆ ಪಟ್ಟಿಯಲ್ಲಿದ್ದರು. ಟೇಲರ್‌ಗೆ ಅತ್ಯುತ್ತಮ ನಟಿ ಮತ್ತು ಡೆನಿಸ್‌ಗೆ ಅತ್ಯುತ್ತಮ ಪೋಷಕ ನಟಿ ಪ್ರಶಸ್ತಿಗಳು ಸಂದವು. ಕಪ್ಪು-ಬಿಳುಪು ವಿಭಾಗದಲ್ಲಿ ಛಾಯಾಗ್ರಹಣ, ಕಲಾನಿರ್ದೇಶನ ಹಾಗೂ ವಸ್ತ್ರವಿನ್ಯಾಸಗಳಿಗೂ ಪ್ರಶಸ್ತಿ ಬಂದು, ಒಟ್ಟು 5 ಆಸ್ಕರ್‌ಗಳು ದೊರೆತವು.