ಬೇಲೂರಿನ ಮದನಿಕೆಯರೂ ಜೇಕ್ವೆರಿಯ ಹುಡುಕಾಟವೂ

ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿದ ಪ್ರವಾಸಿಗನೊಬ್ಬನು ಬೇಲೂರಿನಲ್ಲಿ ತಂಗುವ ಏರ್ಪಾಟಿಗಾಗಿ ಫೋನಿನಲ್ಲಿ ವಸತಿಗೃಹದ ಪುಟವೊಂದನ್ನು ತೆರೆದನೆನ್ನಿ. ಪುಟವು ಬಂದಿದೆ, ಚಿತ್ರಗಳೂ ಬಂದಿವೆ. ಗುಂಡಿಯನ್ನೊತ್ತಿದರೆ ಮಾತ್ರ ಅಲುಗದು. ಅವನು ಸಿಗ್ನಲನ್ನು ಶಪಿಸುತ್ತಾನೆ, ಇಲ್ಲವೆ ಹೊಸ ಫೋನಿಗೆ ಹಣ ಹೊಂದಿಸತೊಡಗುತ್ತಾನೆ. ಅನೇಕ ವೇಳೆ ದೋಷವು ಎರಡರದೂ ಅಲ್ಲ, ಪುಟದೊಳಗೆ ನಡೆದಿರುವ ಹುಡುಕಾಟದ್ದು.

ಜಾಲಪುಟವೆಂಬುದು ನೂರಾರು, ಕೆಲವೊಮ್ಮೆ ಸಾವಿರಾರು ಅಂಗಗಳ ಕಟ್ಟಡ. ಅವುಗಳಲ್ಲಿ ಬೇಕಾದುದನ್ನು ಸುಲಭವಾಗಿ ಆರಿಸಿಕೊಡಲೆಂದು ಅಮೆರಿಕದ ಜಾನ್ ರೆಸಿಗ್ 2006ರಲ್ಲಿ ‘ಜೇಕ್ವೆರಿ’ಯನ್ನು ಹೊರತಂದರು. ಕೇಳುವುದು ಸುಲಭವಾದುದೇ ತೊಡಕಿಗೂ ಕಾರಣವಾಯಿತು. ಒಂದು ಸಾಲಿನ ಬೇಡಿಕೆಯ ಹಿಂದೆ ಎಷ್ಟು ದುಡಿಮೆಯಿದೆಯೆಂಬುದು ಬರೆಯುವವನಿಗೆ ಕಾಣುವುದಿಲ್ಲ.

1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯವನ್ನೇ ನೆನೆಯಿರಿ. ಅಲ್ಲಿಯ ಶಾಸನವೊಂದು ಬೇಕಾದರೆ, ಬಿ. ಎಲ್. ರೈಸರು ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ತಾಲ್ಲೂಕುವಾರು ಕೊಟ್ಟ ಸಂಖ್ಯೆಯನ್ನು ಹೇಳಿದರಾಯಿತು, ನೇರವಾಗಿ ಆ ಪುಟಕ್ಕೆ ಹೋಗಬಹುದು. ಅಂಗಕ್ಕೆ ಅಂಥ ಒಂಟಿ ಗುರುತನ್ನಿತ್ತಿದ್ದರೆ ಬ್ರೌಸರೂ ಹಾಗೆಯೇ ತಟ್ಟನೆ ತಂದುಕೊಡುತ್ತದೆ. “ಬಳ್ಳಿಗಾವೆಯ ದಾಸೋಜನ ಶಿಲ್ಪಗಳನ್ನೆಲ್ಲ ತೋರಿಸಿ” ಎಂದರೆ ಬೇರೆ ಮಾತು. ಪಟ್ಟಿಯಿಲ್ಲದವನು ಪ್ರತಿಯೊಂದು ಪೀಠದ ಬರಹವನ್ನೂ ಓದಬೇಕು. ಇಂಟರ್ನೆಟ್ ಎಕ್ಸ್‌ಪ್ಲೋರರ್ 7ರಂಥ ಹಳೆಯ ಬ್ರೌಸರುಗಳಲ್ಲಿ, ವರ್ಗದ ಹೆಸರಿನಿಂದ ಕೇಳಿದಾಗ ಜೇಕ್ವೆರಿ ಮಾಡಬೇಕಾಗಿದ್ದುದು ಇದನ್ನೇ. ಮುಂದೆ ಬ್ರೌಸರುಗಳೇ ಆ ಕೆಲಸವನ್ನು ವಹಿಸಿಕೊಂಡುದರಿಂದ ಈ ಕಷ್ಟ ಬಹುಮಟ್ಟಿಗೆ ಕಳೆಯಿತು.

ಪೂರ್ತಿಯಾಗಿ ಅಲ್ಲ. “ಈಗ ಬಿಸಿಲು ಬಿದ್ದಿರುವ ವಿಗ್ರಹಗಳು ಯಾವುವು?” ಎಂಬುದಕ್ಕೆ ಯಾವ ಪಟ್ಟಿಯೂ ಉತ್ತರ ಕೊಡದು, ನಡೆದುಹೋಗಿ ಒಂದೊಂದನ್ನೂ ನೋಡಬೇಕು. ಜೇಕ್ವೆರಿಯಲ್ಲಿ ‘ಕಣ್ಣಿಗೆ ಕಾಣುತ್ತಿರುವ ಅಂಗಗಳು’ ಎಂದು ಕೇಳುವುದು ಇದೇ ಬಗೆಯದು. ಅದು ಜೇಕ್ವೆರಿಯ ಸ್ವಂತ ಪರಿಭಾಷೆ, ಬ್ರೌಸರಿಗೆ ತಿಳಿಯದು. ಹೀಗಾಗಿ ವೇಗದ ದಾರಿ ಮುಚ್ಚುತ್ತದೆ.

ಇದಕ್ಕಿಂತಲೂ ಹೆಚ್ಚಿನ ಹಾನಿ, ನನ್ನ ಎಣಿಕೆಯಲ್ಲಿ, ಮರುಹುಡುಕಾಟದಿಂದ. ಒಬ್ಬ ಮದನಿಕೆಯನ್ನು ನೋಡಿ ಅರಸೀಕೆರೆಗೆ ಮರಳಿ, ಮತ್ತೆ ಬಸ್ಸು ಹತ್ತಿ ಎರಡನೆಯವಳನ್ನು ನೋಡಲು ಬರುವ ಯಾತ್ರಿಕನುಂಟೆ? ನೂರು ಸಲ ಸುತ್ತುವ ಆವರ್ತದೊಳಗೆ ಅದೇ ಅಂಗವನ್ನು ನೂರು ಸಲ ಹುಡುಕಿಸುವವರು ಮಾತ್ರ ಬಹಳ ಮಂದಿ ಇದ್ದಾರೆ! ಒಮ್ಮೆ ಹುಡುಕಿ ಹೆಸರಿಟ್ಟು ಇರಿಸಿಕೊಂಡರೆ ಮುಗಿಯಿತು. ಬಿಸಿಲಿನ ಪ್ರಶ್ನೆಗೂ ಉಪಾಯವಿದೆ: ಮೊದಲು ಮದನಿಕೆಯರನ್ನಷ್ಟೇ ವರ್ಗದ ಹೆಸರಿನಿಂದ ಕರೆದು, ಬಳಿಕ ಅವರಲ್ಲಿ ಬಿಸಿಲು ಬಿದ್ದವರನ್ನು ಆರಿಸುವುದು. ಆಗ ಹೊರಗಿನ 38 ಮಂದಿಯನ್ನು ನೋಡಿದರೆ ಸಾಕು. ಬುಡದ ಸಾಲಿನ ಆನೆಗಳನ್ನೆಲ್ಲ ಎಣಿಸುವ ಶ್ರಮ ತಪ್ಪುತ್ತದೆ.