ಮನೆ ಹನ್ನೊಂದು ತಿಂಗಳಿಗೆ, ಟೀವಿ ಹನ್ನೆರಡು ತಿಂಗಳಿಗಾ?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಅಗ್ರಿಮೆಂಟ್ ಅಂದರೆ ಹನ್ನೊಂದು ತಿಂಗಳು. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ಬೇಡ ಅಂತ ಓನರ್‌ಗಳು ಹನ್ನೊಂದಕ್ಕೇ ನಿಲ್ಲಿಸುತ್ತಾರೆ. ಆದರೆ ಮನೆಯೊಳಗೆ ಬರುವ ಉಳಿದ ಕರಾರುಗಳಿಗೆ ಈ ಲೆಕ್ಕ ಗೊತ್ತಿಲ್ಲ. ಡಿಟಿಎಚ್‌ನ ವರ್ಷದ ಪ್ಯಾಕ್ ಹನ್ನೆರಡು ತಿಂಗಳಿಗೇ ಇರುತ್ತದೆ. ಎರಡರ ನಡುವೆ ಸಿಕ್ಕಿಕೊಳ್ಳುವವರು ನಮ್ಮಂಥ ಬಾಡಿಗೆದಾರರು.

ನಮ್ಮ ಮನೆಯಲ್ಲಿ ಈ ಒಂದು ತಿಂಗಳ ವ್ಯತ್ಯಾಸ ಮೊದಲು ಕಣ್ಣಿಗೆ ಬಿದ್ದದ್ದು ಅತ್ತೆಯವರಿಗೆ. ಮಾವ ತೀರಿಕೊಂಡ ಮೇಲೆ ದಾವಣಗೆರೆಯ ಮನೆ ಬಿಟ್ಟು ಅವರು ನಮ್ಮ ಜೊತೆ ಬಂದಿದ್ದಾರೆ. ನಾನೂ ನನ್ನ ಗಂಡನೂ ಇಬ್ಬರೂ ಸಾಫ್ಟ್‌ವೇರ್‌ನವರು. ಬೆಳಗ್ಗೆ ಹೋದರೆ ಬರುವುದು ರಾತ್ರಿಗೆ. ಹಗಲೆಲ್ಲ ಮನೆಯಲ್ಲಿ ಮನುಷ್ಯರ ದನಿ ಅಂತ ಕೇಳಿಸುವುದು ಟೀವಿಯಿಂದಲೇ. ಕನ್ನಡ ಚಾನೆಲ್‌ಗಳ ನಂಬರ್ ಅವರಿಗೆ ಬಾಯಿಪಾಠ. ಕನ್ನಡಕ ಇಲ್ಲದೆಯೂ ರಿಮೋಟ್ ಒತ್ತುತ್ತಾರೆ. ಮೊಬೈಲ್ ಆ್ಯಪ್‌ನಲ್ಲೇ ಸೀರಿಯಲ್ ಹಾಕಿಕೊಡ್ತೀನಿ ಅಂದರೆ, "ಅದರಲ್ಲಿ ಹುಡುಕಬೇಕು ಕಣಮ್ಮಾ, ಇದರಲ್ಲಿ ತಾನಾಗೇ ಬರುತ್ತೆ" ಅನ್ನುತ್ತಾರೆ.

ಒಂದು ಭಾನುವಾರ ಡಿಟಿಎಚ್ ಕಂಪನಿಯಿಂದ ಫೋನ್ ಬಂತು. ಹಳೆಯ ಬಾಕ್ಸ್ ವಾಪಸ್ ಕೊಡಿ, ಹೊಸ ಆಂಡ್ರಾಯ್ಡ್ ಬಾಕ್ಸ್ ಫ್ರೀ, ಒಂದು ವರ್ಷದ ಪ್ಯಾಕ್ ಮುಂಗಡ ಕಟ್ಟಿದರೆ ಸಾಕು. ಆಗ ನಮ್ಮ ಅಗ್ರಿಮೆಂಟ್ ಮುಗಿಯಲು ಎರಡೇ ತಿಂಗಳಿತ್ತು. ಮಗನ ಸಂಸಾರಕ್ಕೆ ಮನೆ ಬೇಕು ಅಂತ ಓನರ್ ಮೊದಲೇ ಹೇಳಿದ್ದರು. ಸ್ಪೀಕರ್‌ನಲ್ಲಿ ಎಲ್ಲ ಕೇಳಿಸಿಕೊಂಡ ಅತ್ತೆ, "ನೋಡಮ್ಮಾ, ಮನೇನೇ ಹನ್ನೊಂದು ತಿಂಗಳಿಗೆ. ಟೀವಿ ಹನ್ನೆರಡು ತಿಂಗಳಿಗಾ?" ಅಂದರು.

ಫೋನಿನಲ್ಲಿದ್ದ ಹುಡುಗನಿಗೆ ನಾನು ಮೂರು ಪ್ರಶ್ನೆ ಕೇಳಿದೆ. ಮನೆ ಬದಲಿಸಿದರೆ ಡಿಶ್ ಬಿಚ್ಚಿ ಹಾಕಲು ಎಷ್ಟು? ಹೊಸ ಮನೆಯಲ್ಲಿ ಸಿಗ್ನಲ್ ಸಿಗದಿದ್ದರೆ ಉಳಿದ ತಿಂಗಳುಗಳ ದುಡ್ಡು ವಾಪಸ್ ಬರುತ್ತಾ? ಹೊಸ ಬಾಕ್ಸ್ ನಮ್ಮದಾ, ಕಂಪನಿಯದಾ? ಮೊದಲನೆಯದಕ್ಕೆ "ಆ್ಯಪ್‌ನಲ್ಲಿ ನೋಡಿ ಮೇಡಂ" ಅಂದ. ಉಳಿದೆರಡಕ್ಕೆ ಉತ್ತರ ಬರಲಿಲ್ಲ. ಸದ್ಯಕ್ಕೆ ಬೇಡಪ್ಪಾ ಅಂದು ಫೋನಿಟ್ಟೆ.

ಮನೆ ಬದಲಿಸುವ ಯಾರೇ ಆದರೂ ಕೇಳಬೇಕಾದ ಪ್ರಶ್ನೆಗಳಿವು. ಒಂದೊಂದಾಗಿ ಹೇಳುತ್ತೇನೆ.

ಮೊದಲು ದಿಕ್ಕು. ನಮ್ಮ ಟೀವಿಗೆ ಸಿಗ್ನಲ್ ಬರುವುದು ಭೂಮಧ್ಯರೇಖೆಯ ಮೇಲೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಉಪಗ್ರಹಗಳಿಂದ. ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಅವೂ ಸುತ್ತುವುದರಿಂದ ಆಕಾಶದಲ್ಲಿ ಒಂದೇ ಕಡೆ ನಿಂತ ಹಾಗೆ ಇರುತ್ತವೆ. ಇಸ್ರೋದ ಇಂಥ ಉಪಗ್ರಹಗಳನ್ನು ಜಾಗ ಬಿಟ್ಟು ಕದಲದಂತೆ ನೋಡಿಕೊಳ್ಳುವುದು ನಮ್ಮ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. ಬೆಂಗಳೂರು ಭೂಮಧ್ಯರೇಖೆಗಿಂತ 13 ಡಿಗ್ರಿ ಉತ್ತರಕ್ಕಿದೆ. ಹಾಗಾಗಿ ಇಲ್ಲಿಂದ ನೋಡಿದರೆ ಡಿಟಿಎಚ್ ಉಪಗ್ರಹಗಳು ದಕ್ಷಿಣಕ್ಕೂ ಪೂರ್ವಕ್ಕೂ ನಡುವೆ ಬರುತ್ತವೆ. ಉತ್ತರಕ್ಕೆ ಮುಖ ಮಾಡಿದ ಬಾಲ್ಕನಿಯಲ್ಲಿ ಡಿಶ್ ಹಾಕಿದರೆ ಕಟ್ಟಡವೇ ಅಡ್ಡ ಬರುತ್ತದೆ. ವಾಸ್ತು ನೋಡುವವರು ಬಾಗಿಲು ಯಾವ ದಿಕ್ಕಿಗೆ ಅಂತ ಕೇಳುತ್ತಾರೆ. ಡಿಟಿಎಚ್ ಇರುವವರು ಬಾಲ್ಕನಿ ಯಾವ ದಿಕ್ಕಿಗೆ ಅಂತಲೂ ಕೇಳಬೇಕು. ಬಾಲ್ಕನಿ ಆಗದಿದ್ದರೆ ಟೆರೇಸ್‌ಗೆ ಬಿಡುತ್ತಾರಾ, ಗೋಡೆಗೆ ತೂತು ಕೊರೆಯಲು ಒಪ್ಪುತ್ತಾರಾ ಅನ್ನುವುದನ್ನು ಅಡ್ವಾನ್ಸ್ ಕೊಡುವ ಮೊದಲೇ ತಿಳಿದುಕೊಳ್ಳಿ. ಹಿಂದಿನ ಬಾಡಿಗೆದಾರರ ಡಿಶ್ ಅಲ್ಲೇ ಇದೆ ಅಂತ ಸಮಾಧಾನಪಡಬೇಡಿ. ಎಲ್ಲ ಕಂಪನಿಗಳೂ ಒಂದೇ ಜಾಗದ ಉಪಗ್ರಹ ಬಳಸುವುದಿಲ್ಲ. ಕಂಪನಿ ಬೇರೆಯಾದರೆ ಡಿಶ್ಶನ್ನು ಮತ್ತೆ ತಿರುಗಿಸಿ ಕೂರಿಸಬೇಕಾಗಬಹುದು.

ಎರಡನೆಯದು ಬಾಕ್ಸ್. ಡಿಟಿಎಚ್ ಸಿಗ್ನಲ್‌ಗೆ ಬೀಗ ಹಾಕಿರುತ್ತಾರೆ, ಬೀಗದ ಕೈ ಇರುವುದು ಬಾಕ್ಸಿನಲ್ಲಿ. ಹಾಗಾಗಿ ಒಂದು ಕಂಪನಿಯ ಬಾಕ್ಸ್ ಸಾಮಾನ್ಯವಾಗಿ ಇನ್ನೊಂದಕ್ಕೆ ಆಗುವುದಿಲ್ಲ. ಬಾಕ್ಸನ್ನು ಪೂರ್ತಿ ದುಡ್ಡು ಕೊಟ್ಟು ಕೊಂಡದ್ದಾ, ಬಾಡಿಗೆಗೆ ತಂದದ್ದಾ ಅನ್ನುವುದು ಬಿಲ್ಲಿನಲ್ಲಿ ಇರಬೇಕು. ಬಾಡಿಗೆಯದಾದರೆ ಸೇವೆ ಬಿಡುವಾಗ ವಾಪಸ್ ಕೊಡಬೇಕು. ಇನ್ನೊಂದು ಮಾತು: ಎಚ್‌ಡಿ ಬಾಕ್ಸ್ ತಂದ ಮಾತ್ರಕ್ಕೆ ಎಲ್ಲ ಚಾನೆಲ್‌ಗಳೂ ಎಚ್‌ಡಿ ಆಗುವುದಿಲ್ಲ. ಎಚ್‌ಡಿ ಚಾನೆಲ್‌ಗಳ ದರ ಬೇರೆ. ಪ್ಯಾಕ್ ಬದಲಿಸಬೇಕು, ತಿಂಗಳ ಬಿಲ್ಲೂ ಏರುತ್ತದೆ.

ಮೂರನೆಯದು ಕರಾರು. ಮೊದಲು 200 ಚಾನೆಲ್‌ವರೆಗಿನ ನೆಟ್‌ವರ್ಕ್ ಶುಲ್ಕಕ್ಕೆ ತೆರಿಗೆ ಬಿಟ್ಟು ತಿಂಗಳಿಗೆ 130 ರೂಪಾಯಿಯ ಮಿತಿ ಇತ್ತು. 2024ರ ಜುಲೈನಲ್ಲಿ ಟ್ರಾಯ್ ಆ ಮಿತಿ ತೆಗೆಯಿತು. ಹೊಸದಾಗಿ ಹಾಕುವುದು, ಮನೆಗೆ ಬಂದು ನೋಡುವುದು, ಬೇರೆ ಮನೆಗೆ ಬದಲಾಯಿಸುವುದು, ಸೇವೆಯನ್ನು ಸ್ವಲ್ಪ ಕಾಲ ನಿಲ್ಲಿಸುವುದು, ಇವುಗಳ ಶುಲ್ಕವನ್ನೂ ಕಂಪನಿಗಳೇ ಗೊತ್ತುಮಾಡಬಹುದು. ಆದರೆ ಎಷ್ಟು ಅಂತ ಪ್ರಕಟಿಸಲೇಬೇಕು. ಅಂದರೆ "ಬಂದ ಮೇಲೆ ಹೇಳ್ತೀವಿ" ಅನ್ನುವ ಮಾತಿಗೆ ನಾವು ತಲೆದೂಗಬೇಕಿಲ್ಲ. ವರ್ಷದ ದುಡ್ಡು ಕಟ್ಟುವ ಮೊದಲು ಕಂಪನಿಯ ವೆಬ್‌ಸೈಟಿನಲ್ಲಿ ಸ್ಥಳ ಬದಲಾವಣೆಯ ದರ ನೋಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ವರ್ಷದ ಪ್ಯಾಕಿನಲ್ಲಿ ಉಳಿಯುವ ದುಡ್ಡಿನಿಂದ ಅದನ್ನು ಕಳೆದು ನೋಡಿ. ಕೆಲವೊಮ್ಮೆ ತಿಂಗಳು ತಿಂಗಳು ಕಟ್ಟುವುದೇ ಅಗ್ಗ.

ನಮಗೆ ಸಿಕ್ಕಿದ್ದು ಮೂರನೇ ಮಹಡಿಯ ಮನೆ, ಬಾಲ್ಕನಿ ಉತ್ತರಕ್ಕೆ. ಮುಂಗೋಡೆಗೆ ಏನೂ ಹೊಡೆಯಬಾರದು ಅಂತ ಅಸೋಸಿಯೇಷನ್ ನಿಯಮ. ಅಡ್ವಾನ್ಸ್ ಕೊಡುವ ಮುಂಚೆಯೇ ಓನರ್ ಹತ್ತಿರ ಟೆರೇಸ್ ಮಾತಾಡಿಕೊಂಡಿದ್ದೆವು. ಸಾಮಾನು ಬಂದ ಮಾರನೇ ದಿನ ಟೆಕ್ನಿಷಿಯನ್ ಬಂದು, ಟೆರೇಸಿನಲ್ಲಿ ನೀರಿನ ಟ್ಯಾಂಕಿನ ನೆರಳು ದಾಟಿಸಿ ಡಿಶ್ ಕೂರಿಸಿದ. ಕೇಬಲ್ ಉದ್ದವಾದಷ್ಟೂ ಸಿಗ್ನಲ್ ಕುಗ್ಗುತ್ತದೆ ಅಂತ ಹತ್ತಿರದ ಡಕ್ಟ್‌ನಲ್ಲೇ ಇಳಿಸಿಕೊಟ್ಟ. ಹಳೆಯದೇ ಬಾಕ್ಸ್, ಹಳೆಯದೇ ನಂಬರ್. ಅಡುಗೆಮನೆಯಲ್ಲಿ ಇನ್ನೂ ಡಬ್ಬ ಜೋಡಿಸಿರಲಿಲ್ಲ, ಅತ್ತೆ ಆಗಲೇ ಸೀರಿಯಲ್ ಮುಂದೆ ಕೂತು ಬೀನ್ಸ್ ನಾರು ತೆಗೆಯುತ್ತಿದ್ದರು. ಆ ಕಟ್ಟಡದಲ್ಲಿ ಅವರಿಗೆ ಒಬ್ಬರ ಪರಿಚಯವೂ ಇಲ್ಲದ ದಿನಗಳವು.

ಎರಡು ತಿಂಗಳು ಕಳೆದು, ಮನೆ ಹಿಡಿಸಿತು ಅನ್ನಿಸಿದ ಮೇಲೆ ಎಚ್‌ಡಿ ಬಾಕ್ಸ್ ತಗೊಂಡೆವು. ದುಡ್ಡು ಕೊಟ್ಟು ಕೊಂಡದ್ದು, ರೀಚಾರ್ಜ್ ಮಾತ್ರ ತಿಂಗಳಿಗೊಮ್ಮೆ. ಆಫರ್‌ನಲ್ಲಿ ಸಿಗುತ್ತಿದ್ದ ಒಂದಷ್ಟು ರೂಪಾಯಿ ನಮಗೆ ಸಿಗಲಿಲ್ಲ, ನಿಜ. ಆದರೆ ಬೇಕಾದಾಗ ಬಿಡುವ ಸ್ವಾತಂತ್ರ್ಯ ನಮ್ಮ ಕೈಲೇ ಉಳಿಯಿತು.

ತಿಂಗಳ ಖರ್ಚೇ ಬೇಡ ಅನ್ನುವವರಿಗೆ ದೂರದರ್ಶನದ ಡಿಡಿ ಫ್ರೀ ಡಿಶ್ 2004ರಿಂದ ಇದೆ. ಡಿಶ್, ಬಾಕ್ಸಿಗೆ ಒಮ್ಮೆ ದುಡ್ಡು ಹಾಕಿದರೆ ಆಯಿತು, ಚಂದನ ಬರುತ್ತದೆ. ಆದರೆ ಸೀರಿಯಲ್‌ಗಾಗಿಯೇ ಟೀವಿ ಇಟ್ಟವರು, ಬೇಕಾದ ಚಾನೆಲ್ ಅದರಲ್ಲಿದೆಯಾ ಅಂತ ಮೊದಲು ನೋಡಿಕೊಳ್ಳಿ.

ಫ್ರೀ ಬಾಕ್ಸಿನ ಬೆಲೆಯನ್ನು ನಾವು ತಿಂಗಳುಗಳಲ್ಲಿ ಕಟ್ಟುತ್ತೇವೆ. ಈ ಮನೆಯಲ್ಲಿ ಅಷ್ಟು ತಿಂಗಳು ಇರುತ್ತೇವಾ ಅಂತ ಗೊತ್ತಿದ್ದವರು ಧಾರಾಳವಾಗಿ ತಗೊಳ್ಳಿ. ಗೊತ್ತಿಲ್ಲದವರು ಮೊದಲು ಮನೆ ಸೇರಿ, ಆಮೇಲೆ ಬಾಕ್ಸ್ ಬದಲಿಸಿ.