ಹಗುರ ಕಾರಿಗೆ ಹಗುರ ಚಕ್ರ

ಕುಂಬಾರನ ತಿಗರಿಯನ್ನು ನೀವು ನೋಡಿರಬಹುದು. ಕೋಲಿನಿಂದ ರಭಸವಾಗಿ ತಿರುಗಿಸಿ ಬಿಟ್ಟರೆ, ತನ್ನ ಭಾರದಿಂದಲೇ ಅದು ಬಹು ಹೊತ್ತು ಸುತ್ತುತ್ತದೆ. ಮೋಟಾರಿನ ಫ್ಲೈವೀಲಿನ ಕೆಲಸವೂ ಇಂಥದೇ. 1983ರಲ್ಲಿ ಬಂದು 2014ರಲ್ಲಿ ತಯಾರಿಕೆ ನಿಂತ ಮಾರುತಿ 800 ಕಾರಿಗೆ ಮೂರು ಸಿಲಿಂಡರುಗಳು. ಎಂಜಿನ್ ಎರಡು ಸುತ್ತು ತಿರುಗುವಷ್ಟರಲ್ಲಿ ಮೂರು ಬಾರಿ ಮಾತ್ರ ಬಲ ಹುಟ್ಟುತ್ತದೆ. ನಡುವಣ ತೆರವನ್ನು ದಾಟಿಸುವುದು ಈ ಚಕ್ರವೇ.

ಹಳೆಯ ಕಾರನ್ನು ಪಂದ್ಯಕ್ಕೆ ಅಣಿಗೊಳಿಸುವ ತರುಣರು ಈ ಚಕ್ರವನ್ನೂ ಹಗುರಗೊಳಿಸಬಯಸುತ್ತಾರೆ. ಆಗ ಎಂಜಿನ್ನಿನ ವೇಗ ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಕೆಳಗಿನ ಗೇರುಗಳಲ್ಲಿ ಲಾಭ ಹೆಚ್ಚು. ಅಂಚಿನ ಒಂದು ಕಿಲೋ, ಅರ್ಧ ದೂರದಲ್ಲಿರುವ ನಾಲ್ಕು ಕಿಲೋಗಳಿಗೆ ಸಮ. ಆದುದರಿಂದ ಅಂಚಿನ ತೂಕ ಇಳಿದರೇ ಫಲ.

ಆದರೆ ನಷ್ಟವೂ ಉಂಟು. ನಿಂತ ಕಾರು ನಡುಗುತ್ತದೆ. ಏರಿನಲ್ಲಿ ಹೊರಡುವಾಗ ಎಂಜಿನ್ ಬಂದಾಗುವುದುಂಟು. ಪೇಟೆಯ ಓಡಾಟಕ್ಕೆ ಮೊದಲಿನ ಚಕ್ರವೇ ಲೇಸು. ಅಬ್ಬಿಗೆರೆಯಂಥ ಕಾರ್ಖಾನೆಗಳ ನೆರೆಯಲ್ಲಿ ಲೇತು ಯಂತ್ರ ಸಿಗುವುದೆಂದು ಎರಕದ ಕಬ್ಬಿಣವನ್ನು ಮನಬಂದಂತೆ ತೆಳುಮಾಡಿಸಬೇಡಿ. ವೇಗದಲ್ಲಿ ಅದು ಸಿಡಿದರೆ ಕಾಲಿಗೂ ಪ್ರಾಣಕ್ಕೂ ಅಪಾಯ. ಪಂದ್ಯಕ್ಕೇ ಬೇಕೆಂದರೆ, ಉಕ್ಕಿನಿಂದ ಮಾಡಿ ಸಮತೋಲ ಪರೀಕ್ಷಿಸಿದ ಚಕ್ರವನ್ನೇ ಆರಿಸಿರಿ.